ಹಳೇ ಡೀಸೆಲ್ ಪಿಕಪ್: ಎಂಜಿನ್ ಬಿಚ್ಚೋಕೆ ಮುಂಚೆ ನೋಡಬೇಕಾದದ್ದು

ಕೆಲವು ವರ್ಷದ ಹಿಂದೆ ನನ್ನ ಪಿಕಪ್ ಬೆಳಗ್ಗೆ ಸ್ಟಾರ್ಟ್ ಆಗೋದಕ್ಕೆ ಸತಾಯಿಸತೊಡಗಿತು. ಐದಾರು ಸಲ ಸೆಲ್ಫ್ ಹೊಡೆದ ಮೇಲೆ ಹಿಡಿಯುತ್ತಿತ್ತು. ಒಮ್ಮೆ ಹಿಡಿದರೆ ಸಂಜೆತನಕ ಏನೂ ತಕರಾರಿಲ್ಲ. ಗ್ಯಾರೇಜಿನವರು ನೋಡಿ "ಪಂಪ್ ಹೋಗಿದೆ" ಅಂದರು. ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಆ ಪಂಪ್ ಬಿಚ್ಚಿ, ಟೆಸ್ಟ್ ಬೆಂಚಿಗೆ (ಪಂಪ್ ಪರೀಕ್ಷಿಸುವ ಯಂತ್ರಕ್ಕೆ) ಏರಿಸಿ, ಮತ್ತೆ ಕೂರಿಸಿ ಒಂಬತ್ತು ಸಾವಿರ ತಗೊಂಡರು. ಮರುದಿನ ಬೆಳಗ್ಗೆ ಮತ್ತೆ ಅದೇ ರಾಗ.

ಕೊನೆಗೆ ರಾಣೆಬೆನ್ನೂರಿನ ಒಬ್ಬ ವಯಸ್ಸಾದ ಡೀಸೆಲ್ ಮೇಸ್ತ್ರಿ ಹತ್ತಿರ ಹೋದೆ. ಅವರು ಪಂಪ್ ಮುಟ್ಟಲೇ ಇಲ್ಲ. ಡೀಸೆಲ್ ಲೈನಿನ ನಡುವೆ ಒಂದು ಗೇಣು ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿದರು, ಒಳಗಿರೋದು ಕಾಣುವಂಥದ್ದು. ಗಾಡಿ ಸ್ಟಾರ್ಟ್ ಮಾಡಿಸಿದರು. ಪೈಪಿನೊಳಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. "ತಮ್ಮಾ, ಡೀಸೆಲ್ ಹೊರಗ ಸೋರಿದ್ರ ಕಣ್ಣಿಗೆ ಕಾಣ್ತದ. ಗಾಳಿ ಒಳಗ ಹೊಕ್ಕರ ಯಾರಿಗೂ ಕಾಣಂಗಿಲ್ಲ" ಅಂದರು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಡೀಸೆಲ್ ಬರುವ ಬೋಲ್ಟಿನ ಎರಡು ತಾಮ್ರದ ವಾಷರ್ ಬದಲಿಸಿದರು. "ಎಷ್ಟಾತು ಕಾಕಾ?" ಅಂದರೆ, "ಚಹಾ ಕುಡಸು ನಡಿ" ಅಂದರು.

ಅವತ್ತಿನಿಂದ ನನ್ನ ಗಾಡಿಗೆ ಒಂದೇ ನಿಯಮ. ಎಂಜಿನ್ನಿಗೆ ಹೊರಗಿನಿಂದ ಹೋಗೋದು ನಾಲ್ಕೇ: ಗಾಳಿ, ಡೀಸೆಲ್, ಆಯಿಲ್, ನೀರು. ಮೊದಲು ಅವುಗಳ ದಾರಿ ನೋಡು, ಎಂಜಿನ್ನಿಗೆ ಆಮೇಲೆ ಕೈ ಹಾಕು. ಅಗ್ಗದ ಕಾರಣದಿಂದ ಶುರು ಮಾಡಿದರೆ ದುಬಾರಿ ಕಾರಣದ ತನಕ ಹೋಗುವ ಪ್ರಸಂಗ ಬರೋದು ಕಮ್ಮಿ.

ಇಲ್ಲಿ ಬರೆಯುತ್ತಿರೋದು ಹಳೇ ಡಿಐ (ಡೈರೆಕ್ಟ್ ಇಂಜೆಕ್ಷನ್, ಡೀಸೆಲ್ ನೇರ ಸಿಲಿಂಡರಿಗೇ ಸಿಂಪಡಿಸುವ) ಪಿಕಪ್‌ಗಳ ಬಗ್ಗೆ. ನಮ್ಮ ಕಡೆ ಜಾಸ್ತಿ ಓಡೋದು ಮಹೀಂದ್ರಾದ 2523 ಸಿಸಿ ಎಂಜಿನ್ ಇರುವ ಬೊಲೆರೊ ಪಿಕಪ್, ಕ್ಯಾಂಪರ್. ಮೂರೂವರೆ ಇಂಚಿನ ಬೋರ್, ನಾಲ್ಕು ಇಂಚಿನ ಸ್ಟ್ರೋಕ್, ನಾಲ್ಕು ಸಿಲಿಂಡರ್. ಅಳತೆ ಇಂಚಿನಲ್ಲಿ ಸರಿಯಾಗಿ ಕೂರುತ್ತದೆ ನೋಡಿ, ಅದು ಹಳೇ ಟ್ರ್ಯಾಕ್ಟರ್ ವಂಶದ ಗುರುತು. ಹಾಗಾಗಿಯೇ ಇದರಲ್ಲಿ ಸೆನ್ಸರ್ ಕಾಟ ಇಲ್ಲ, ಮನೆಯಂಗಳದಲ್ಲೇ ಎಷ್ಟೋ ಕೆಲಸ ಮಾಡಿಕೊಳ್ಳಬಹುದು. ಟಾಟಾ 207 ಡಿಐ ಇದ್ದವರಿಗೂ ಬಹುಪಾಲು ಮಾತು ಅನ್ವಯಿಸುತ್ತದೆ. ಆದರೆ ನಿಮ್ಮದು ಕಾಮನ್ ರೈಲ್ ಗಾಡಿಯಾಗಿದ್ದರೆ (ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಿಂದ ಡೀಸೆಲ್ ಹಂಚುವ ಹೊಸ ಬಗೆ) ಮುಂದೆ ಹೇಳುವ ನಾಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಪೈಪ್ ಸಡಿಲಿಸುವ ಕೆಲಸಕ್ಕೆ ಹೋಗಲೇಬೇಡಿ. ಅದರ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ.

ಕೈ ಹಾಕುವ ಮುಂಚೆ

ಗಾಡಿ ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಮರದ ದಿಮ್ಮಿ ಅಡ್ಡಡ್ಡ ಪೇರಿಸಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಒಮ್ಮೆಗೇ ಸಿಡಿದು ಪುಡಿಯಾಗುತ್ತವೆ. ಹೆಗಲ ಮೇಲಿನ ಟವೆಲ್, ಲುಂಗಿಯ ತುದಿ, ಕೊರಳ ಸರ ಇವೆಲ್ಲ ತೆಗೆದಿಟ್ಟು ಬನ್ನಿ. ತಿರುಗೋ ಫ್ಯಾನಿಗೆ ಟವೆಲ್ ಸಿಕ್ಕರೆ ಕುತ್ತಿಗೆಯನ್ನೂ ಜೊತೆಗೆ ಕರೆಯುತ್ತದೆ. ಸೆಲ್ಫ್ ಮೋಟರ್, ಆಲ್ಟರ್ನೇಟರ್ ಕಡೆ ಕೆಲಸ ಇದ್ದರೆ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ.

ಸಾಮಾನು ದೊಡ್ಡದೇನೂ ಬೇಡ. ರಿಂಗ್ ಮತ್ತು ಡಿ ಸ್ಪ್ಯಾನರ್ ಸೆಟ್ (ಹುಬ್ಬಳ್ಳಿ ಕಡೆ ಪಾನಾ ಅಂದರೇನೇ ಅಂಗಡಿಯವನು ತಿರುಗಿ ನೋಡೋದು), ಫಿಲ್ಟರ್ ಬಿಚ್ಚುವ ಪಟ್ಟಿ, ಫಿಲ್ಲರ್ ಗೇಜ್ (ಸಣ್ಣ ಗ್ಯಾಪ್ ಅಳೆಯುವ ತೆಳು ಉಕ್ಕಿನ ಎಲೆಗಳು), ಟಾರ್ಚ್, ಬನಿಯನ್ ವೇಸ್ಟ್, ಹಳೇ ಆಯಿಲ್ ಹಿಡಿಯಲು ಅಗಲ ಬಾಣಲೆ. ಒಂದು ಅಡಿ ಪಾರದರ್ಶಕ ಪೈಪ್ ತಂದಿಟ್ಟುಕೊಳ್ಳಿ, ಡೀಸೆಲ್‌ಗೆ ಕರಗದ ಜಾತಿಯದು. ಜೊತೆಗೆ ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್. ಹಳೆಯದಾದರೂ ಪರವಾಗಿಲ್ಲ. ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಸಂದು), ಬೋಲ್ಟ್ ಬಿಗಿತ ಇವನ್ನು ಪಕ್ಕದ ಗಾಡಿಯವರ ಬಾಯಿಮಾತಲ್ಲಿ ತಿಳಿದುಕೊಳ್ಳೋದು ಸರಿಯಲ್ಲ.

ಆಯಿಲ್

ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಗೇಜ್ ಕಡ್ಡಿ ಎಳೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಎರಡು ಗೆರೆಯ ನಡುವೆ ಇದ್ದರೆ ಸರಿ. ಮೇಲಿನ ಗೆರೆ ದಾಟಿಸಿ ತುಂಬಿಸೋದು ಒಳ್ಳೇದಲ್ಲ. ಕಡ್ಡಿಯ ಮೇಲಿನ ಆಯಿಲ್ ಕಪ್ಪಗಿದೆ ಅಂತ ಗಾಬರಿ ಬೇಡ, ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಗಾಬರಿ ಆಗಬೇಕಾದದ್ದು ಎರಡಕ್ಕೆ. ಹಾಲು ಬೆರೆತ ಕಾಫಿ ಬಣ್ಣ ಬಂದಿದ್ದರೆ ಆಯಿಲ್‌ಗೆ ನೀರು ಸೇರಿದೆ. ನೀವು ಹಾಕದೆಯೂ ಮಟ್ಟ ಏರಿದ್ದರೆ, ಮೂಸಿ ನೋಡಿ, ಡೀಸೆಲ್ ವಾಸನೆ ಬರಬಹುದು. ಎರಡರಲ್ಲಿ ಯಾವುದಾದರೂ ಗಾಡಿ ಅಲ್ಲೇ ನಿಲ್ಲಲಿ. ತೆಳ್ಳಗಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಉಳಿಯೋದಿಲ್ಲ.

ಬದಲಿಸುವಾಗ ಎಂಜಿನ್ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ ನಿಲ್ಲಿಸಿ. ಬಿಸಿ ಆಯಿಲ್ ಕೊಳೆಯನ್ನೂ ಎಳೆದುಕೊಂಡು ಇಳಿಯುತ್ತದೆ. ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗಿನ ಡ್ರೈನ್ ಬೋಲ್ಟ್ ಕೊನೆಯ ಎರಡು ಸುತ್ತು ಕೈಯಲ್ಲಿ, ಒಳಕ್ಕೆ ಒತ್ತಿ ಹಿಡಿದು ತಿರುಗಿಸಿ, ತಟ್ಟನೆ ಪಕ್ಕಕ್ಕೆ ಎಳೆಯಿರಿ. ಇಲ್ಲದಿದ್ದರೆ ಬೋಲ್ಟ್ ಬಾಣಲೆಗೆ, ಬಿಸಿ ಆಯಿಲ್ ಮೊಣಕೈಗೆ. ಇಪ್ಪತ್ತು ನಿಮಿಷ ಇಳಿಯಲು ಬಿಡಿ. ಹಳೇ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡಿ. ಅದರ ಮೇಲೇ ಹೊಸದು ಕೂರಿಸಿದರೆ ಸ್ಟಾರ್ಟ್ ಮಾಡಿದ ತಕ್ಷಣ ಆಯಿಲ್ ಪಿಚಕಾರಿ. ಹೊಸ ಫಿಲ್ಟರ್ ರಿಂಗಿಗೆ ಆಯಿಲ್ ಸವರಿ, ತಾಗುವ ತನಕ ತಿರುಗಿಸಿ, ಆಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು. ಪಟ್ಟಿ ಬಿಚ್ಚೋಕೆ ಮಾತ್ರ, ಬಿಗಿಯೋಕೆ ಅಲ್ಲ.

ಆಯಿಲ್ 15ಡಬ್ಲ್ಯು40, ಡೀಸೆಲ್‌ಗೆ ಅಂತಲೇ ಇರುವ ಸಿಐ-4 ದರ್ಜೆಯದು ನಾನು ಹಾಕೋದು. ಮಣ್ಣು ರಸ್ತೆ, ಲೋಡ್ ಎರಡೂ ಜಾಸ್ತಿ ಇರೋದರಿಂದ 5000 ಕಿ.ಮೀ.ಗೆ ಬದಲಿಸುತ್ತೇನೆ. ತುಂಬಿಸಿ ಸ್ಟಾರ್ಟ್ ಮಾಡಿದಾಗ ಆಯಿಲ್ ಲೈಟ್ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಆಕ್ಸಿಲೇಟರ್ ಒತ್ತಿ ನೋಡೋ ಸಾಹಸ ಬೇಡ, ಆಫ್ ಮಾಡಿ.

ಗಾಳಿ

ನಮ್ಮ ಕಡೆ ಮೆಕ್ಕೆಜೋಳ ಒಕ್ಕುವ ತಿಂಗಳಲ್ಲಿ ರಸ್ತೆ ಮೇಲೆಲ್ಲ ಹೊಟ್ಟು, ದೂಳು. ಏರ್ ಫಿಲ್ಟರ್ ಒಂದೇ ವಾರಕ್ಕೆ ತುಂಬಿರುತ್ತದೆ. ಪೇಪರ್ ಫಿಲ್ಟರ್ ಆದರೆ ಮೆಲ್ಲಗೆ ತಟ್ಟಿ, ಕಂಪ್ರೆಸರ್ ಗಾಳಿ ಕಮ್ಮಿ ಇಟ್ಟು ಒಳಗಿನಿಂದ ಹೊರಕ್ಕೆ ಹೊಡೆಯಿರಿ. ಹೊರಗಿನಿಂದ ಹೊಡೆದರೆ ದೂಳು ಇನ್ನೂ ಒಳಕ್ಕೇ ಹೋಗಿ ಕೂರುತ್ತದೆ. ಆಮೇಲೆ ಟಾರ್ಚ್ ಒಳಗಿಟ್ಟು ಕತ್ತಲಲ್ಲಿ ಸುತ್ತ ತಿರುಗಿಸಿ. ಎಲ್ಲಾದರೂ ಬೆಳಕಿನ ಚುಕ್ಕಿ ಚುರುಕಾಗಿ ಕಂಡರೆ ತೂತಾಗಿದೆ, ಬಿಸಾಕಿ. ಆಯಿಲ್ ಬಾತ್ ಫಿಲ್ಟರ್ ಇದ್ದರೆ ಗುರುತಿನ ತನಕ ಮಾತ್ರ ಆಯಿಲ್ ಹಾಕಿ. ಜಾಸ್ತಿ ಹಾಕಿದರೆ ಎಂಜಿನ್ ಅದನ್ನೇ ಎಳೆದುಕೊಂಡು ಕುಡಿದು, ಕೀ ತೆಗೆದರೂ ನಿಲ್ಲದೆ ಓಡಬಹುದು.

ಫಿಲ್ಟರ್‌ಗಿಂತ ಮುಖ್ಯ ಅದರ ಆಚೆಯ ರಬ್ಬರ್ ಪೈಪ್. ಕ್ಲಿಪ್ ಬಿಚ್ಚಿ, ಪೈಪಿನ ಒಳಮೈ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಮಣ್ಣು ಬಂದರೆ ಫಿಲ್ಟರ್ ದಾಟಿ ದೂಳು ಒಳಗೆ ಹೋಗುತ್ತಿದೆ ಅಂತ ಅರ್ಥ. ಪೈಪಿನ ಮಡಿಕೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಬಗ್ಗಿಸಿ ನೋಡದೆ ಕಾಣೋದಿಲ್ಲ. ಅಲ್ಲಿಂದ ಹೊಕ್ಕ ದೂಳಿನಿಂದ, ಮರಳು ಕಾಗದದಲ್ಲಿ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಉಜ್ಜಿದ ಹಾಗೆ ಆಗುತ್ತದೆ ಒಳಗೆ. ಎಷ್ಟೋ ಗಾಡಿ ಪಿಸ್ಟನ್ ರಿಂಗ್ ಸವೆದು ಬೋರಿಗೆ (ಸಿಲಿಂಡರ್ ಕೊರೆಸುವ ಕೆಲಸಕ್ಕೆ) ಬರೋದು ಆ ಸೀಳಿನಿಂದಲೇ.

ಡೀಸೆಲ್

ಇದೇ ಈ ಗಾಡಿಗಳ ಅರ್ಧ ಕಥೆ.

ಪಂಪ್ ಯಾವುದು ಅಂತ ಮೊದಲು ನೋಡಿಕೊಳ್ಳಿ. ನಾಲ್ಕು ಪೈಪ್ ಸಾಲಾಗಿ ಹೊರಟಿದ್ದರೆ ಇನ್‌ಲೈನ್, ದುಂಡು ತಲೆಯಿಂದ ಹೊರಟಿದ್ದರೆ ರೋಟರಿ. ಹಳಬರು ಎರಡಕ್ಕೂ "ಮೈಕೋ ಪಂಪ್" ಅಂತಲೇ ಅನ್ನೋದು. ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿಕೊಂಡಿತು, ಗ್ಯಾರೇಜಿನಲ್ಲಿ ಮಾತ್ರ ಇನ್ನೂ ಬದಲಾಗಿಲ್ಲ.

ಫಿಲ್ಟರ್ ಕೆಳಗೆ ನೀರು ಇಳಿಸುವ ಸ್ಕ್ರೂ ಇರುತ್ತದೆ. ವಾರಕ್ಕೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಒಂದು ಗಾಜಿನ ಲೋಟ ಹಿಡಿದು ಸ್ವಲ್ಪ ಇಳಿಸಿ. ಎರಡು ನಿಮಿಷ ಬಿಟ್ಟರೆ ನೀರು ತಳಕ್ಕೆ, ಡೀಸೆಲ್ ಮೇಲಕ್ಕೆ ಬೇರೆಯಾಗುತ್ತದೆ. ಡ್ರಮ್ಮಿನಲ್ಲಿ ಡೀಸೆಲ್ ತಂದಿಟ್ಟು ಹಾಕುವವರು ಇದನ್ನು ಬಿಡಲೇಬಾರದು. ಎರಡು ಬಟ್ಟಲಿನ ಫಿಲ್ಟರ್ ಇದ್ದರೆ ಮೊದಲನೆಯದರಲ್ಲಿ ಬಟ್ಟೆ, ಎರಡನೆಯದರಲ್ಲಿ ಪೇಪರ್. ಅದಲು ಬದಲು ಮಾಡಬೇಡಿ.

ಫಿಲ್ಟರ್ ಬದಲಿಸಿದ ಮೇಲೆ, ಅಥವಾ ಡೀಸೆಲ್ ಖಾಲಿಯಾಗಿ ನಿಂತ ಮೇಲೆ, ಡೀಸೆಲ್ ಲೈನಿನೊಳಗೆ ಸೇರಿದ ಏರ್ (ಗಾಳಿ) ತೆಗೆಯಬೇಕು. ಕ್ರಮ ಹೀಗೆ:

1. ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ ನೋಡಿ. ನಗಬೇಡಿ, ಗೇಜ್ ಮುಳ್ಳು ನಂಬಿ ಮೋಸ ಹೋಗಿದ್ದೇನೆ. ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್ ಇರುವ ಗಾಡಿಯಾದರೆ ಪಂಪಿನ ಲಿವರ್ ಪೂರ್ತಿ ವಾಪಸ್ ಬಂದಿದೆಯಾ ಅಂತಲೂ ನೋಡಿ. ಕೇಬಲ್ ಸಿಕ್ಕಿಕೊಂಡಿದ್ದರೆ ಎಷ್ಟು ಸೆಲ್ಫ್ ಹೊಡೆದರೂ ಅಷ್ಟೇ.

2. ಫಿಲ್ಟರ್ ತಲೆಯ ಮೇಲಿನ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಕೆಳಗೆ ಬಟ್ಟೆ ಕೊಡಿ. ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ತಳ್ಳುವ ಗುಂಡಿ) ಒತ್ತುತ್ತಾ ಹೋಗಿ. ಮೊದಲು ಬುಸ್ ಅನ್ನುತ್ತದೆ, ಆಮೇಲೆ ನೊರೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಒತ್ತುವುದು ನಿಲ್ಲಿಸಿ ಬಿಗಿದರೆ ಗಾಳಿ ಮತ್ತೆ ಒಳಕ್ಕೆ.

3. ಪಂಪಿನ ಮೇಲೂ ಇಂಥದೇ ಸ್ಕ್ರೂ ಇದ್ದರೆ ಅಲ್ಲೂ ಹಾಗೇ ಮಾಡಿ.

4. ಈಗ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ನಡುವೆ ಅರ್ಧ ನಿಮಿಷ ಬಿಡಿ. ಉದ್ದಕ್ಕೂ ಹೊಡೆದರೆ ಸೆಲ್ಫ್ ಮೋಟರ್ ಸುಟ್ಟುಕೊಳ್ಳುತ್ತೀರಿ.

5. ಹಿಡಿಯದಿದ್ದರೆ ಎರಡು ನಾಝಲ್‌ಗಳ ಪೈಪ್ ನಟ್ ಅರ್ಧ ಸುತ್ತು ಸಡಿಲಿಸಿ, ಒಬ್ಬರು ಸೆಲ್ಫ್ ಹೊಡೆಯಲಿ. ಡೀಸೆಲ್ ಚಿಟ್ ಚಿಟ್ ಅಂತ ಬಂದ ಮೇಲೆ ಬಿಗಿದು, ಮತ್ತೆ ಹೊಡೆಯಿರಿ.

ಕೊನೆಯ ಹೆಜ್ಜೆಯಲ್ಲಿ ಕೈ ದೂರ ಇರಲಿ, ಕನ್ನಡಕ ಹಾಕಿ. ನಾಝಲ್ ಬಿಚ್ಚಿ ಹೊರಗಿಟ್ಟು ಅದರ ಸ್ಪ್ರೇಗೆ ಬೆರಳು ಹಿಡಿಯೋದನ್ನು ಯಾರಾದರೂ ತೋರಿಸಿದರೆ ಕಲಿಯಬೇಡಿ. ಆ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ಬೆರಳು ಕಳೆದುಕೊಂಡವರಿದ್ದಾರೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಏರ್ ತೆಗೆದು ನಾಲ್ಕು ದಿನಕ್ಕೆ ಮತ್ತೆ ಏರ್ ಹಿಡಿದರೆ ಎಲ್ಲೋ ದಾರಿ ಇದೆ ಅಂತಾಯಿತು. ಇಲ್ಲಿ ಸ್ವಲ್ಪ ತಲೆ ಓಡಿಸಿ. ಟ್ಯಾಂಕಿನಿಂದ ಫೀಡ್ ಪಂಪ್ ತನಕ ಡೀಸೆಲ್ ಎಳೆಸಿಕೊಂಡು ಬರುತ್ತದೆ. ಫೀಡ್ ಪಂಪ್ ದಾಟಿದ ಮೇಲೆ ತಳ್ಳಿಸಿಕೊಂಡು ಹೋಗುತ್ತದೆ. ತಳ್ಳುವ ಕಡೆ ಸಡಿಲ ಇದ್ದರೆ ಡೀಸೆಲ್ ಹೊರಗೆ ಜಿನುಗಿ ಒದ್ದೆ ಕಾಣುತ್ತದೆ. ಎಳೆಯುವ ಕಡೆ ಸಡಿಲ ಇದ್ದರೆ ಒಂದು ಹನಿಯೂ ಸೋರದೆ ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಪಾರದರ್ಶಕ ಪೈಪನ್ನು ಫೀಡ್ ಪಂಪಿಗೆ ಬರುವ ಕಡೆ ಸಿಕ್ಕಿಸಿ ನೋಡಿ. ಗುಳ್ಳೆ ಬಂದರೆ ತಪ್ಪು ಅಲ್ಲಿಂದ ಟ್ಯಾಂಕಿನ ಕಡೆಗೆ. ಬರದಿದ್ದರೆ ಪೈಪನ್ನು ಫೀಡ್ ಪಂಪಿನ ಆಚೆಗೆ ಹಾಕಿ. ಅಲ್ಲಿ ಬಂದರೆ ನಡುವಿನ ಬೋಲ್ಟ್, ವಾಷರ್, ಫೀಡ್ ಪಂಪ್ ಇಷ್ಟರಲ್ಲೇ ಇದೆ. ಗಟ್ಟಿಯಾದ ರಬ್ಬರ್ ಪೈಪ್, ತುಕ್ಕು ಹಿಡಿದ ಕ್ಲಿಪ್, ಚಾಸಿಗೆ ಉಜ್ಜಿ ಸವೆದ ಲೋಹದ ಪೈಪ್ ಇವೇ ಸಾಮಾನ್ಯ ಕಳ್ಳರು.

ತಾಮ್ರದ ವಾಷರ್ ಒಮ್ಮೆ ಬಿಗಿದರೆ ಚಪ್ಪಟೆಯಾಗಿ ಗಡುಸಾಗುತ್ತದೆ, ಎರಡನೇ ಸಲ ಸರಿಯಾಗಿ ಕೂರೋದಿಲ್ಲ. ಹಳ್ಳಿಯಲ್ಲಿ ಸಿಗದಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗುತ್ತದೆ. ಆದರೆ ಗ್ಲೋವ್ ಬಾಕ್ಸಿನಲ್ಲಿ ಹತ್ತು ಹೊಸ ವಾಷರ್ ಇಟ್ಟುಕೊಂಡರೆ ಈ ಕುಲುಮೆ ಕೆಲಸ ಯಾಕೆ?

ನೀರು

ರೇಡಿಯೇಟರ್ ಕ್ಯಾಪ್ ಅಂದರೆ ಕುಕ್ಕರಿನ ವಿಶಲ್ ಇದ್ದ ಹಾಗೆ. ಒಳಗೆ ಒತ್ತಡ ಹಿಡಿದಿಟ್ಟಿರೋದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯೋದಿಲ್ಲ. ಬಿಸಿಯಲ್ಲಿ ಕ್ಯಾಪ್ ತಿರುಗಿಸಿದರೆ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಮೇಲಿನ ಹೋಸ್ ಕೈಯಲ್ಲಿ ಒತ್ತಿ, ಮೆತ್ತಗೆ ತಣ್ಣಗಾದ ಮೇಲೇ ತೆಗೆಯಿರಿ.

ಬೋರ್‌ವೆಲ್ ನೀರು ಸುರಿಯೋದು ನಮ್ಮೆಲ್ಲರ ಚಟ. ಸ್ನಾನದ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದಲ್ವಾ? ಅದೇ ಪದರ ಎಂಜಿನ್ ಒಳಗೂ ಕಟ್ಟುತ್ತದೆ. ಕೂಲಂಟ್ ಬಾಟಲಿಯ ಮೇಲೆ ಬರೆದ ಅಳತೆಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿ.

ಇನ್ನೊಂದು ಚಟ, ಹೀಟ್ ಆದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರಿನ ದಾರಿ ತೆರೆಯುವ ವಾಲ್ವ್) ಕಿತ್ತು ಬಿಸಾಕೋದು. ನಾನಿದನ್ನು ಒಪ್ಪೋದಿಲ್ಲ. ಅದಿಲ್ಲದಿದ್ದರೆ ಎಂಜಿನ್ ಸರಿಯಾಗಿ ಬಿಸಿಯೇ ಆಗದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಲೈನರ್ ಬೇಗ ಸವೆಯುತ್ತದೆ. ಅನುಮಾನ ಇದ್ದರೆ ಬಿಚ್ಚಿ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಎಷ್ಟು ಡಿಗ್ರಿಗೆ ತೆರೆಯಬೇಕು ಅಂತ ಅದರ ಮೇಲೇ ಒತ್ತಿರುತ್ತದೆ, ಸಾಮಾನ್ಯವಾಗಿ 80ರ ಆಸುಪಾಸು. ತೆರೆಯದಿದ್ದರೆ ಹೊಸದು ಹಾಕಿ.

ಹೀಟ್ ಆಗೋದಕ್ಕೆ ಅಗ್ಗದ ಕಾರಣಗಳೇ ಮೊದಲು: ರೇಡಿಯೇಟರ್ ಮುಂದೆ ಮೆತ್ತಿದ ಹೊಟ್ಟು, ಸಡಿಲ ಫ್ಯಾನ್ ಬೆಲ್ಟ್, ಸೋತ ಕ್ಯಾಪ್. ಹೊಟ್ಟನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಹೊಡೆದು ತೊಳೆಯಿರಿ, ಫಿನ್ ಬಾಗದ ಹಾಗೆ ಮೆಲ್ಲಗೆ. ಬೆಲ್ಟನ್ನು ನಡುವೆ ಹೆಬ್ಬೆರಳಿಂದ ಒತ್ತಿದರೆ ಒಂದು ಸೆಂಟಿಮೀಟರ್ ತಗ್ಗಬೇಕು. ವಾಟರ್ ಪಂಪ್ ಕೆಳಗೆ ಸಣ್ಣ ತೂತಿದೆ, ಅಲ್ಲಿಂದ ನೀರು ತೊಟ್ಟಿಕ್ಕಿದರೆ ಸೀಲ್ ಹೋಗಿದೆ. ಆ ತೂತಿಗೆ ಎಂ-ಸೀಲ್ ಮೆತ್ತಿದವರನ್ನೂ ನೋಡಿದ್ದೇನೆ. ನೀರು ಆಗ ಬೇರಿಂಗ್ ಕಡೆಗೆ ಹೋಗುತ್ತದೆ, ಅಷ್ಟೇ.

ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ, ಆಕ್ಸಿಲೇಟರ್ ಕೊಟ್ಟಂತೆ ಜಾಸ್ತಿಯಾದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ ಕೆಳಗಿನ ಸೀಲ್ ಪದರ) ಹೋಗಿರುವ ಅನುಮಾನ. ಅದು ಮನೆ ಕೆಲಸವಲ್ಲ. ಹೆಡ್ ಇಳಿಸಿ, ಲೇತ್ ಅಂಗಡಿಯಲ್ಲಿ ಸಮ ಇದೆಯಾ ನೋಡಿಸಿ, ಟಾರ್ಕ್ ರೆಂಚ್‌ನಲ್ಲಿ ಕ್ರಮವಾಗಿ ಬಿಗಿಯಬೇಕು.

ಟ್ಯಾಪೆಟ್

ಇದು ನನಗೆ ಇಷ್ಟದ ಕೆಲಸ. ಭಾನುವಾರ ಬೆಳಗ್ಗೆ, ಎಂಜಿನ್ ರಾತ್ರಿಯೆಲ್ಲ ತಣ್ಣಗಾಗಿರುವಾಗ ಮಾಡಬೇಕು. ಮ್ಯಾನುಯಲ್ ಬಿಸಿಯಲ್ಲಿ ಮಾಡು ಅಂತ ಹೇಳಿದ್ದರೆ ಮಾತ್ರ ಬಿಸಿಯಲ್ಲಿ.

ಮೇಲಿನ ರಾಕರ್ ಕವರ್ ಬಿಚ್ಚಿ. ಫ್ಯಾನ್ ಕಡೆಯಿಂದ ಒಂದು, ಎರಡು, ಮೂರು, ನಾಲ್ಕು ಅಂತ ಸಿಲಿಂಡರ್ ಎಣಿಸಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಡೀಸೆಲ್ ಉರಿಯುವ ಸರದಿ) 1-3-4-2. ಎಂಜಿನ್ ಮುಂದಿನ ಕೆಳಗಿನ ಕ್ರ್ಯಾಂಕ್ ಪುಲ್ಲಿಯ ನಟ್‌ಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಮೆಲ್ಲಗೆ ತಿರುಗಿಸುತ್ತಾ ನಾಲ್ಕನೇ ಸಿಲಿಂಡರಿನ ಎರಡು ರಾಕರ್ ನೋಡಿ. ಒಂದು ಏಳುತ್ತಾ ಮುಗಿಯುವಾಗ ಇನ್ನೊಂದು ಇಳಿಯಲು ಶುರುಮಾಡುತ್ತದೆ, ತಕ್ಕಡಿ ತೂಗಿದ ಹಾಗೆ. ಅಲ್ಲೇ ನಿಲ್ಲಿಸಿ. ಈಗ ಒಂದನೇ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿವೆ, ಅವುಗಳ ಗ್ಯಾಪ್ ನೋಡಬಹುದು. ಅರ್ಧ ಸುತ್ತು ತಿರುಗಿಸಿ: ಎರಡನೆಯದು ತೂಗುತ್ತದೆ, ಮೂರನೆಯದು ನೋಡಿ. ಇನ್ನರ್ಧ ಸುತ್ತು: ಒಂದು ತೂಗುತ್ತದೆ, ನಾಲ್ಕು ನೋಡಿ. ಮತ್ತರ್ಧ: ಮೂರು ತೂಗುತ್ತದೆ, ಎರಡು ನೋಡಿ. ತೂಗುವುದೂ ನೋಡುವುದೂ ಕೂಡಿದರೆ ಯಾವಾಗಲೂ ಐದು, ನೆನಪಿಡೋಕೆ ಅಷ್ಟು ಸಾಕು.

ಗೇಜ್ ಎಲೆಯ ದಪ್ಪ ಮ್ಯಾನುಯಲ್ ಹೇಳಿದಷ್ಟು. ಇನ್‌ಲೆಟ್‌ಗೆ, ಎಗ್ಜಾಸ್ಟ್‌ಗೆ ಬೇರೆ ಬೇರೆ ಇರಬಹುದು. ಎಲೆ ರಾಕರ್ ಕೆಳಗೆ ತೂರಿಸಿ ಎಳೆದರೆ, ದಪ್ಪ ಪುಸ್ತಕದ ನಡುವಿಂದ ಪೋಸ್ಟ್ ಕಾರ್ಡ್ ಎಳೆದ ಹಾಗೆ ಸ್ವಲ್ಪ ಹಿಡಿದು ಬರಬೇಕು. ಸಲೀಸಾಗಿ ಬಂದರೆ ಸಡಿಲ, ಎಲೆ ಮಡಚಿದರೆ ಬಿಗಿ. ಸ್ಕ್ರೂ ಹಿಡಿದುಕೊಂಡೇ ಲಾಕ್ ನಟ್ ಬಿಗಿಯಿರಿ, ಆಮೇಲೆ ಇನ್ನೊಮ್ಮೆ ಎಲೆ ತೂರಿಸಿ ನೋಡಿ. ನಟ್ ಬಿಗಿಯುವಾಗ ಗ್ಯಾಪ್ ಬದಲಾಗದೇ ಇರೋದು ಅಪರೂಪ.

ಟಿಕ್ ಟಿಕ್ ಸದ್ದು ಹೋಗಲಿ ಅಂತ ಗ್ಯಾಪ್ ಕಮ್ಮಿ ಮಾಡುವವರಿದ್ದಾರೆ. ಸದ್ದು ಮಾಡೋ ಟ್ಯಾಪೆಟ್‌ಗಿಂತ ಸದ್ದೇ ಇಲ್ಲದ್ದಕ್ಕೆ ಹೆದರಬೇಕು. ಬಿಗಿಯಾದ ವಾಲ್ವ್ ಪೂರ್ತಿ ಕೂರದೆ ಸುಟ್ಟು ಹೋಗುತ್ತದೆ.

ಹೊಗೆ ನೋಡಿ ಹೇಳೋದು

ಇಷ್ಟೆಲ್ಲ ಮಾಡಿದ ಮೇಲೂ ಪಿಕಪ್‌ಗೆ ಪಿಕಪ್ ಇಲ್ಲ ಅಂದರೆ ಸೈಲೆನ್ಸರ್ ಬಾಯಿ ನೋಡಿ. ಕಪ್ಪು ಹೊಗೆ: ಗಾಳಿ ಸಾಲದು ಅಥವಾ ನಾಝಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ಬೆಳಗ್ಗೆ ಎರಡು ನಿಮಿಷ ಬಿಳಿ ಹೊಗೆ ಬಂದರೆ ಪರವಾಗಿಲ್ಲ, ಬಿಸಿಯಾದ ಮೇಲೂ ಬಂದರೆ ಸುಡದ ಡೀಸೆಲ್ ಅಥವಾ ನೀರು. ನೀಲಿ: ಆಯಿಲ್ ಸುಡುತ್ತಿದೆ. ನೀಲಿ ಕಂಡರೆ ಗಾಡಿ ನಿಲ್ಲಿಸಿ, ಎಂಜಿನ್ ಸ್ಲೋ (ಐಡಲ್) ಓಡುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತಲೆಕೆಳಗಾಗಿ ಅದೇ ಬಾಯಿಯ ಮೇಲೆ ಇಡಿ. ಸುಮ್ನೆ ಅಲ್ಲಾಡಿದರೆ ಇನ್ನೂ ಓಡಿಸಬಹುದು. ಕುಣಿದು ಹಾರಿ ಬಿದ್ದರೆ ಪಿಸ್ಟನ್ ದಾಟಿ ಗ್ಯಾಸ್ ಕೆಳಗಿಳಿಯುತ್ತಿದೆ, ರಿಂಗ್-ಲೈನರ್ ಕೆಲಸಕ್ಕೆ ದುಡ್ಡು ಜೋಡಿಸಲು ಶುರುಮಾಡಿ.

ಪಂಪ್ ಕ್ಯಾಲಿಬ್ರೇಷನ್, ನಾಝಲ್ ಪ್ರೆಷರ್, ಟೈಮಿಂಗ್ ಇವನ್ನು ನಾನು ಮುಟ್ಟೋದಿಲ್ಲ. ಟೆಸ್ಟ್ ಬೆಂಚ್ ಇರುವ ಅಂಗಡಿಗೇ ಕೊಡುತ್ತೇನೆ. ಪಂಪಿನ ಸೀಲ್ ಹಾಕಿದ ಸ್ಕ್ರೂ ತಿರುಗಿಸಿ "ಪವರ್ ಬರುತ್ತೆ" ಅನ್ನುವವರ ಕೈಗೆ ಗಾಡಿ ಕೊಡಬೇಡಿ. ಕಪ್ಪು ಹೊಗೆ ಬರುತ್ತದೆ, ಪಿಸ್ಟನ್ ವಿಪರೀತ ಬಿಸಿಯಾಗುತ್ತದೆ.

ಹಳೇ ಆಯಿಲ್ ಕ್ಯಾನಿಗೆ ತುಂಬಿ, ಕೊಳ್ಳುವವರು ಬಂದಾಗ ಕೊಡಿ. ಹೊಲದ ಬದುವಿಗೆ, ಚರಂಡಿಗೆ ಬೇಡ. ಬದಲಿಸಿದ ದಿನ ಮತ್ತು ಕಿಲೋಮೀಟರನ್ನು ಹೊಸ ಫಿಲ್ಟರ್ ಮೇಲೇ ಮಾರ್ಕರ್ ಪೆನ್ನಿನಿಂದ ಬರೆದುಬಿಡಿ. ಬುಕ್ಕು ಮನೆಯಲ್ಲಿ ಎಲ್ಲೋ ಕಳೆದಿರುತ್ತದೆ, ಫಿಲ್ಟರ್ ಗಾಡಿಯಲ್ಲೇ ಇರುತ್ತದೆ.